ದಪ್ಪ ಟೈರ್ ಹಾಕಿಸುವ ಮುನ್ನ ಮೀಟರ್ ಲೆಕ್ಕ ನೋಡಿಕೊಳ್ಳಿ

ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದಷ್ಟೇ ಕಾರಿಗೆ ಗೊತ್ತು. ಗೇರ್‌ಬಾಕ್ಸ್ ಸೆನ್ಸರ್ ಅಥವಾ ಚಕ್ರದ ಬಳಿಯ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಸುತ್ತು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಂಪನಿ ಮೊದಲೇ ತುಂಬಿಸಿಟ್ಟ ಲೆಕ್ಕದಲ್ಲಿ ಸ್ಪೀಡೋಮೀಟರ್ ವೇಗ ತೋರಿಸುತ್ತದೆ. ಟೈರ್ ಬದಲಾಯಿಸಿದರೂ ಆ ಲೆಕ್ಕ ಹಳೆಯದೇ. ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಮೀಟರ್ ಕಡಿಮೆ ತೋರಿಸುತ್ತದೆ.

ಸ್ವಿಫ್ಟ್ ತೆಗೆದುಕೊಳ್ಳಿ. 165/80 ಆರ್14, 185/65 ಆರ್15 ಎರಡೂ ಅದರಲ್ಲಿ ಕಂಪನಿಯಿಂದಲೇ ಬಂದ ಸೈಜುಗಳು. 185 ಅಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. ಅದರಲ್ಲಿ ಶೇ 65 ಅಂದರೆ 120.25 ಮಿ.ಮೀ. ಸೈಡ್‌ವಾಲ್ (ರಿಮ್ಮಿನಿಂದ ನೆಲದ ತನಕದ ಟೈರಿನ ಎತ್ತರ), ಮೇಲೆ ಕೆಳಗೆ ಸೇರಿ 240.5. ಇದಕ್ಕೆ 15 ಇಂಚಿನ ರಿಮ್ಮಿನ 381 ಸೇರಿಸಿದರೆ ವ್ಯಾಸ 621.5 ಮಿ.ಮೀ. ಇನ್ನೊಂದರದ್ದು 619.6. ಎರಡು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ.

ಅದೇ 15ರ ರಿಮ್ಮಿಗೆ 195/65 ಕೂರಿಸಿದರೆ ವ್ಯಾಸ 634.5, ಅಂದರೆ ಶೇ 2.1 ಹೆಚ್ಚು. 205/65 ಆದರೆ 647.5, ಶೇ 4.2 ಹೆಚ್ಚು. 195/60ಕ್ಕೆ ಶೇ 1 ಕಡಿಮೆ. ಅಗಲ ಬೇಕೆನ್ನುವವರು ಎರಡನೇ ಸಂಖ್ಯೆಯನ್ನು ಇಳಿಸಬೇಕು. ಅಂಗಡಿಯಲ್ಲಿ ಬಹಳ ಜನ ಮರೆಯುವುದು ಇದನ್ನೇ.

ಮೀಟರ್ ಸ್ವಲ್ಪ ಹೆಚ್ಚೇ ತೋರಿಸುವುದು ದೋಷವಲ್ಲ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚಾದರೆ ಆ ವೇಗದ ಹತ್ತನೇ ಒಂದು ಭಾಗ, ಮೇಲೆ 4 ಕಿ.ಮೀ. ತನಕ ನಡೆಯುತ್ತದೆ. ನಿಜವಾಗಿ 100ರಲ್ಲಿ ಹೋಗುವಾಗ 103 ತೋರಿಸುತ್ತಿದ್ದ ಕಾರಿಗೆ 205/65 ಹಾಕಿದರೆ ತೋರಿಸುವುದು 99ಕ್ಕೂ ಕಡಿಮೆ. ಕಾರಿಗೆ 100ರ ಮಿತಿ ಇರುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ನಿಮ್ಮ ಮೀಟರ್ ನೋಡುವುದಿಲ್ಲ.

ಓಡಿದ ಕಿಲೋಮೀಟರ್ ಲೆಕ್ಕವೂ ತಪ್ಪುತ್ತದೆ. 205/65ರಲ್ಲಿ ಮೀಟರ್ 1000 ಅಂದರೆ ಕಾರು ಓಡಿರುವುದು 1042. ಲೀಟರಿಗೆ 18 ಬಂತು ಎಂದು ಬೇಜಾರಾಗುವವರಿಗೆ ನಿಜವಾಗಿ ಸಿಕ್ಕಿರುವುದು 18.75ರಷ್ಟು.

ಇನ್ನು ಗಾಳಿ. 33 ಇರಬೇಕಾದಲ್ಲಿ 25 ಇದ್ದರೆ ಟೈರ್ ಕುಸಿದು ಕೂತಿರುತ್ತದೆ. ಹಾಗಾಗಿ ಮೀಟರ್ ಬಹಳ ತಪ್ಪುತ್ತದೆ ಎಂದುಕೊಳ್ಳುವುದು ಸಹಜ. ಆದರೆ ರೇಡಿಯಲ್ ಟೈರಿನ (ಸೈಜಿನಲ್ಲಿರುವ ‘ಆರ್’ ಇದೇ) ಟ್ರೆಡ್, ಅಂದರೆ ನೆಲ ಮುಟ್ಟುವ ಗೀರಿನ ರಬ್ಬರ್, ಅದರ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇದೆ, ಅದು ಕುಗ್ಗುವುದಿಲ್ಲ. ಹಿಟಾಚಿಯ ಚೈನು ನೆಲದ ಮೇಲೆ ಹಾಸಿಕೊಂಡು ಹೋಗುವ ಹಾಗೆ, ಒಂದು ಸುತ್ತಿಗೆ ಈ ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಉದ್ದ ಹಾಸಿಕೊಳ್ಳುತ್ತದೆ. ಆದ್ದರಿಂದ ವ್ಯತ್ಯಾಸ ಶೇ 1ರ ಒಳಗೇ. ಅಷ್ಟನ್ನೇ ಹಿಡಿದು, ನಾಲ್ಕೂ ಚಕ್ರದ ಸುತ್ತು ಹೋಲಿಸಿ ಗಾಳಿ ಇಳಿದಿದ್ದನ್ನು ಹೇಳುವ ಕಾರುಗಳಿವೆ. ನಮ್ಮ ಕಣ್ಣಿಗೆ ಮೀಟರಿನಲ್ಲಿ ಕಾಣಿಸದು. ಗಾಳಿ ಕಡಿಮೆಯಾದರೆ ಹೆದರಬೇಕಾದ್ದು ಮೀಟರಿಗಲ್ಲ: ಸೈಡ್‌ವಾಲ್ ಮಡಚಿ ಮಡಚಿ ಬಿಸಿಯಾಗುತ್ತದೆ, ಹೆದ್ದಾರಿಯಲ್ಲಿ ಒಡೆಯುತ್ತದೆ.

ಗಾಳಿಗಿಂತ ಸವೆತ ಹೆಚ್ಚು ಎಣಿಕೆಗೆ ಬರುತ್ತದೆ. 8 ಮಿ.ಮೀ. ಟ್ರೆಡ್ 1.6ಕ್ಕೆ ಇಳಿದಾಗ ವ್ಯಾಸ 12.8 ಮಿ.ಮೀ. ಕಡಿಮೆಯಾಗುತ್ತದೆ, ಸುಮಾರು ಶೇ 2. ಅಂಥ ಸವೆದ 185/65 ತೆಗೆದು ಹೊಸ 205/65 ಹಾಕಿದ ದಿನ ಆಗುವ ಜಿಗಿತ ಶೇ 6.4.

ಅಳೆಯಲು ಸೀಮೆಸುಣ್ಣ, 30 ಮೀಟರ್ ಟೇಪು ಸಾಕು. ಟೈರ್ ತಣ್ಣಗಿರುವಾಗ ಬಾಗಿಲಿನ ಸ್ಟಿಕ್ಕರಿನಲ್ಲಿರುವಷ್ಟು ಗಾಳಿ ಹಾಕಿಸಿ. ಟೈರ್ ನೆಲ ಮುಟ್ಟುವ ಜಾಗದಲ್ಲಿ ಎರಡರ ಮೇಲೂ ಗೀಟು ಎಳೆಯಿರಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಕಾರನ್ನು ನೇರವಾಗಿ ತಳ್ಳಿ, ಹತ್ತನೇ ಸುತ್ತಿಗೆ ಗೀಟು ಮತ್ತೆ ನೆಲ ಮುಟ್ಟುವಲ್ಲಿ ನಿಲ್ಲಿಸಿ ಅಳೆಯಿರಿ. ಭಾರ ಬಿದ್ದ ರೇಡಿಯಲ್ಲಿಗೆ ವ್ಯಾಸವನ್ನು 3.14ರ ಬದಲು 3.05ರಿಂದ ಗುಣಿಸುವುದು ರೂಢಿ; ಹೊಸ 185/65 ಆರ್15ಕ್ಕೆ ಹತ್ತು ಸುತ್ತು 19 ಮೀಟರ್ ಹತ್ತಿರ ಬರಬೇಕು.

ಫೋನಿನ ಜಿಪಿಎಸ್ ಜೊತೆ ಹೋಲಿಸುವುದಾದರೆ ನೇರ, ಸಮತಟ್ಟು ರಸ್ತೆಯಲ್ಲಿ ಅರ್ಧ ನಿಮಿಷ ಒಂದೇ ವೇಗ ಹಿಡಿದಿರಿ. ಅಂಕಿ ನೋಡುವ ಕೆಲಸ ಪಕ್ಕದವರದ್ದು. ವೇಗ ಏರಿಳಿಸುವಾಗ ಜಿಪಿಎಸ್ ಹಿಂದೆ ಬೀಳುತ್ತದೆ.

ಬೈಕಿನವರು ಮೊದಲು ಮೀಟರಿನ ಕೇಬಲ್ ಎಲ್ಲಿಂದ ಬಂದಿದೆ ನೋಡಿ. ಮುಂದಿನ ಚಕ್ರದಿಂದ ಬಂದಿದ್ದರೆ ಹಿಂದೆ ಎಷ್ಟೇ ದಪ್ಪ ಟೈರ್ ಹಾಕಿದರೂ ಮೀಟರ್ ಬದಲಾಗುವುದಿಲ್ಲ.