ಐತವಾರ ಒಂದೇ ದಿನ

10 ನವೆಂಬರ್ 2024, ಭಾನುವಾರ ರಾತ್ರಿ
ಡೊಂಬಿವಲಿ

ಗಂಟಲು ಪೂರ್ತಿ ಕೂತಿದೆ. ದೀಪಾವಳಿಗೆ ಊರಿಗೆ ಹೋದವರು ಇನ್ನೂ ಬಂದಿರಲ್ಲ, ಇವತ್ತು ಕಬ್ ಸಭೆಗೆ (ಸ್ಕೌಟ್‌ನ ಚಿಕ್ಕ ಮಕ್ಕಳ ವಿಭಾಗ) ಮಕ್ಕಳು ಕಡಿಮೆ ಅಂದುಕೊಂಡು ಹೋದೆ. ಬಂದಿದ್ದು 31. ಅದರ ಮೇಲೆ 20ಕ್ಕೆ ಮತದಾನ ಅಂತ ಪ್ರಚಾರದ ಟೆಂಪೋ ಒಂದು ಮೈದಾನದ ಗೇಟಿನ ಎದುರೇ ನಿಂತು ಅರ್ಧ ಗಂಟೆ ಹಾಡು ಹಾಕಿತು. ನನ್ನ ಸೀಟಿ ನನಗೇ ಕೇಳಿಸಲಿಲ್ಲ.

ಒಂದು ಕಬ್ ಪ್ಯಾಕ್ ಅಂದರೆ ಹೆಚ್ಚೆಂದರೆ 24 ಮಕ್ಕಳು. ಆರಾರು ಮಕ್ಕಳ ನಾಲ್ಕು ಸಿಕ್ಸ್. ಅದು ದಾಟಿದರೆ ಇನ್ನೊಂದು ಪ್ಯಾಕ್ ಮಾಡಬೇಕು, ಅದಕ್ಕೆ ನನ್ನಂಥ ಇನ್ನೊಬ್ಬ ಕಬ್ ಮಾಸ್ಟರ್ ಬೇಕು. ಸುಮ್ನೆ ಕಾಗದದ ಮೇಲಿನ ನಿಯಮ ಅಂತ ಮೊದಲ ವರ್ಷ ನಾನೂ ತಿಳಿದಿದ್ದೆ. ಗಂಟು ಕಲಿಸುವಾಗ ಗೊತ್ತಾಗುತ್ತದೆ. ಬಲತುದಿ ಎಡದ ಮೇಲೆ, ಆಮೇಲೆ ಎಡತುದಿ ಬಲದ ಮೇಲೆ. ಆಗ ರೀಫ್ ನಾಟ್ ಚಪ್ಪಟೆಯಾಗಿ ಕೂರುತ್ತದೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಗ್ರ್ಯಾನಿ. ಅದು ಬೇಕಾದಾಗ ಜಾರುತ್ತದೆ, ಬೇಡವಾದಾಗ ಬಿಗಿಯುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಲು ಆಗಲ್ಲ, ಒಂದೊಂದು ಮಗುವಿನ ಕೈ ಹಿಡಿದೇ ತೋರಿಸಬೇಕು. ನಾನು ಎಂಟನೆಯವನ ಕೈ ಹಿಡಿದಿದ್ದಾಗ ಮೊದಲನೆಯವನು ನೀರಿನ ಟ್ಯಾಂಕಿನ ಏಣಿ ಹತ್ತಿದ್ದ.

ಬಘೀರ (ಜಂಗಲ್ ಬುಕ್ ಕಥೆಯ ಹೆಸರಿನಿಂದ ಕರೆಯುವ ನನ್ನ ಸಹಾಯಕ) ಇದ್ದಿದ್ದರೆ ಹತ್ತುತ್ತಿರಲಿಲ್ಲ. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಖುಷಿಯೇ. ಪೇಡಾ ಕೊಟ್ಟಾಗ ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ.

ಇಷ್ಟೊಂದು ಮಕ್ಕಳು ಯಾಕೆ ಬಂದವು ಅಂದರೆ ಮೂಡುಬಿದಿರೆ ಜಾಂಬೂರಿ. 2022ರ ಡಿಸೆಂಬರಿನ ಸ್ಕೌಟ್-ಗೈಡ್ ಮೇಳ. ಊರಲ್ಲಿ ಅಕ್ಕನ ಮಕ್ಕಳು, ಭಾವನ ಮಕ್ಕಳು ಹೋಗಿದ್ದರು. ಫೋಟೋ ಇಲ್ಲಿಯವರ ಮೊಬೈಲಿಗೂ ಬಂತು. ನಮ್ಮವನಿಗೂ ಸ್ಕಾರ್ಫ್ ಬೇಕು ಅಂತ ಶುರುವಾಯಿತು. ಇನ್ನೂ ನಿಂತಿಲ್ಲ.

ಇವತ್ತು ಸಭೆ ಮುಗಿಯುವ ಹೊತ್ತಿಗೆ ಧಾರವಾಡ ಕಡೆಯ ತಾಯಿಯೊಬ್ಬರು ಮಗನ ಕೈ ಹಿಡಿದುಕೊಂಡು ಬಂದರು. ಮೂರನೇ ಸಲ. ನಾನು ಮತ್ತೆ "ಸ್ವಲ್ಪ ಕಾಯಿರಿ" ಅಂದೆ.

"ಏನ್ರಿ ಮೇಡಂ, ಇಷ್ಟ್ ದೊಡ್ಡ ಮೈದಾನ ಐತಿ, ಒಬ್ಬ ಹುಡುಗಗ ಜಾಗಾ ಇಲ್ಲೇನ್ರಿ?"

ಜಾಗ ಇದೆ, ನೋಡಿಕೊಳ್ಳುವವರಿಲ್ಲ ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ನೀವೇ ಬನ್ನಿ. ಆಮೇಲೆ ಯಾವಾಗಲಾದರೂ ಕಬ್ ಮಾಸ್ಟರ್ ತರಬೇತಿಯ ಬೇಸಿಕ್ ಕೋರ್ಸ್ ಮಾಡಿದರಾಯ್ತು. ಸದ್ಯಕ್ಕೆ ನನ್ನ ಜೊತೆ ನಿಂತರೆ ಸಾಕು" ಅಂದುಬಿಟ್ಟೆ.

ಆಕೆ ನಕ್ಕರು. ಸಿಟ್ಟಿನ ನಗು ಅಲ್ಲ.

"ವಾರದಾಗ ಆರು ದಿನ ಲೋಕಲ್‌ನಾಗ ಮುಂಬೈ ಸಿಎಸ್‌ಎಂಟಿ ಸ್ಟೇಷನ್ ತನಕ ನಿಂತ್ಕೊಂಡ ಹೋಗಿ ನಿಂತ್ಕೊಂಡ ಬರ್ತೀನ್ರಿ. ಐತವಾರ ಒಂದ ದಿನ ತಲಿಗೆ ಎಣ್ಣಿ ಹಚ್ಕೊಂಡ ಕುಂದರ್ತೀನಿ. ಅದನ್ನೂ ನಿಮಗ ಕೊಡ್ಲೇನ್ರಿ?"

ನಿಜಕ್ಕೂ ಎಣ್ಣೆ ಹಚ್ಚಿಕೊಂಡೇ ಬಂದಿದ್ದರು. ಕೂದಲು ಎತ್ತಿ ಕ್ಲಚ್ ಹಾಕಿದ್ದರು, ಹಣೆಯ ಅಂಚಿನಲ್ಲಿ ಮಿಣಿಮಿಣಿ ಅನ್ನುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಮನೆಯಲ್ಲೇ ಟ್ಯೂಷನ್ ಹೇಳುವವಳು. ನನ್ನ ವಾರದಲ್ಲಿ ಲೋಕಲ್ಲೇ ಇಲ್ಲ. ಬೆಳಿಗ್ಗೆ ಫಾಸ್ಟ್ ಬಂದಾಗ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಹೆಂಗಸರ ಡಬ್ಬಿಯ ಎದುರು ನಾನು ನಿಂತು ಎಷ್ಟು ವರ್ಷವಾಯಿತೋ.

ಈ ಮಾತಿನ ನಡುವೆ ಮಗ ಬೆಂಚಿನ ಕೆಳಗೆ ಕೂತು ಏನೋ ಮಾಡುತ್ತಿದ್ದ. ಅವರು ಹೋದ ಮೇಲೆ ಬ್ಯಾಗ್ ಎತ್ತಿದರೆ ಬರಲೇ ಇಲ್ಲ. ಅದರ ಪಟ್ಟಿಯನ್ನು ಬೆಂಚಿನ ಕಂಬಿಗೆ ಕಟ್ಟಿದ್ದಾನೆ! ಗ್ರ್ಯಾನಿ. ಒಂದರ ಮೇಲೊಂದು ಮೂರು. ಹೇರ್‌ಪಿನ್ ಹಾಕಿ ಬಿಡಿಸುವಷ್ಟರಲ್ಲಿ ವಾಚ್‌ಮನ್ ಎರಡು ಸಲ ಗೇಟು ಬಡಿದ. ಮೂರು ಭಾನುವಾರ ದೂರದಿಂದ ನೋಡಿಯೇ ಅರ್ಧ ಕಲಿತಿದ್ದಾನೆ. ಇನ್ನರ್ಧಕ್ಕೆ ಕೈ ಹಿಡಿಯುವವರು ಬೇಕು.

ಮನೆಗೆ ಬಂದು ಇವರ ಹತ್ತಿರ ಹೇಳಿದರೆ ಪೇಪರಿನಿಂದ ತಲೆ ಎತ್ತದೆ, "ಮಕ್ಕಳು ನಿನ್ನನ್ನು ಅಕೇಲಾ ಅಂತ ಕರೀತಾರಲ್ವಾ? ಹಿಂದೀಲಿ ಅರ್ಥ ಏನು ಹೇಳು" ಅಂದರು. ಕಬ್ ಮಾಸ್ಟರಿಗೆ ಎಲ್ಲ ಕಡೆಯೂ ಅದೇ ಹೆಸರು ಅಂತ ಇವರಿಗೂ ಗೊತ್ತು. ಸಿಟ್ಟು ಬಂತು, ನಗುವೂ ಬಂತು. ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಮೊನ್ನೆ 7ನೇ ತಾರೀಖು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥಾಪನಾ ದಿನದ ಸ್ಟಿಕರ್ ಹಿಡಿದು ಬಿಲ್ಡಿಂಗಿನಲ್ಲಿ ಮನೆಮನೆ ಹತ್ತಿದ್ದೆ. 1950ರ ನವೆಂಬರ್ 7ಕ್ಕೆ ಬೇರೆ ಬೇರೆ ಇದ್ದ ಸ್ಕೌಟ್ ಸಂಘಟನೆಗಳು ಒಂದಾದವು ಅಂತ ನಾಲ್ಕು ಮಹಡಿಯಲ್ಲೂ ಭಾಷಣ ಬೇರೆ. ದುಡ್ಡು ಕೊಡಲು ಒಬ್ಬರೂ ಹಿಂದೆ ಮುಂದೆ ನೋಡಲಿಲ್ಲ. ಭಾನುವಾರ ಎರಡು ಗಂಟೆ ಬರ್ತೀರಾ ಅಂದೆ ನೋಡಿ, ಎಲ್ಲರ ಮನೆಯ ಕುಕ್ಕರೂ ಒಟ್ಟಿಗೇ ಕೂಗಿತು. ಪಾಲಕರ ವಾಟ್ಸಾಪ್ ಗುಂಪಿನಲ್ಲೂ ಅಷ್ಟೇ. ಕೇಳಿದಾಗಲೆಲ್ಲ 17 ಹೆಬ್ಬೆರಳು, ನಾಲ್ಕು ನಮಸ್ಕಾರ.

ಕೆಲಸವನ್ನು ಒಡೆಯಬೇಕೇನೋ. ಹಾಜರಿಗೆ ಒಬ್ಬರು, ರಸ್ತೆ ದಾಟಿಸಲು ಒಬ್ಬರು, ಹಗ್ಗ ಹಿಡಿಯಲು ಒಬ್ಬರು. ಎಲ್ಲರೂ ಎಲ್ಲ ವಾರ ಬರಬೇಕು ಅಂತೇನಿಲ್ಲ. ಅದನ್ನೇ ಗುಂಪಿಗೆ ಬರೆಯುತ್ತಾ ಕೂತಿದ್ದೇನೆ. "ತಿಂಗಳಿಗೆ ಒಂದೇ ಒಂದು ಭಾನುವಾರ" ಅಂತ ಹಾಕಿದೆ. ಆಮೇಲೆ "ಒಂದೇ ಒಂದು" ಅಳಿಸಿದೆ. ಆಕೆಗೆ ಇರುವುದೇ ನಾಲ್ಕು. ಅದರಲ್ಲಿ ಒಂದನ್ನು ಕೇಳುವುದು ಅಂದರೆ