ಕಾಕಾ ಎಲ್ಲಿ ಒತ್ತಿದರೂ ರೇಟು ಬರಬೇಕು

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ ಇದೆ. ವಹಿಯಲ್ಲಿದ್ದ ತೊಗರಿ ರೇಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಬಳಸಿ ಒಂದು ಗ್ರಾಫ್ ಮಾಡಿಕೊಟ್ಟೆ. 2024-25ರ ಬೆಂಬಲ ಬೆಲೆ 7,550 ರೂಪಾಯಿಗೆ ಒಂದು ಅಡ್ಡಗೆರೆಯನ್ನೂ ಎಳೆದಿದ್ದೆ. ಕಾಕಾ ನೋಡಿ, "ಛಲೋ ಅದ. ಆದ್ರ ಒತ್ತಿದ್ರ ಆ ದಿನದ ರೇಟು ಬರಂಗಿಲ್ಲೇನು?" ಅಂದರು.

ಕ್ಲಿಕ್ ಹಿಡಿಯುವುದು ಸುಲಭ. ಮ್ಯಾಟ್‌ಪ್ಲಾಟ್‌ಲಿಬ್‌ನ ಎಂಪಿಎಲ್ ಕನೆಕ್ಟ್‌ಗೆ (mpl_connect) ಬಟನ್ ಪ್ರೆಸ್ ಇವೆಂಟ್ ಅಂತ ಹೇಳಿ ನಮ್ಮ ಫಂಕ್ಷನ್ ಕೊಟ್ಟರೆ ಆಯ್ತು, ಮೌಸ್ ಒತ್ತಿದಾಗೆಲ್ಲ ಅದು ಓಡುತ್ತೆ. ಒತ್ತಿದ ಜಾಗದ ತಾರೀಖು ಎಕ್ಸ್‌ಡೇಟಾದಲ್ಲಿ ಸಿಗುತ್ತೆ, ಆದರೆ ಸಂಖ್ಯೆಯಾಗಿ ಬರುತ್ತೆ, 1970ರ ಜನವರಿ 1ರಿಂದ ಎಷ್ಟು ದಿನ ಅಂತ. 2024ರ ಜನವರಿ 1 ಅಂದರೆ 19723. ಅದನ್ನು ತಿರುಗಿಸಿಕೊಳ್ಳಬಹುದು, ದೊಡ್ಡ ಮಾತಲ್ಲ.

ತೊಂದರೆ ಇದ್ದಿದ್ದು ಅದರ ಜೊತೆ ಬರುವ ಇನ್ನೊಂದು ಸಂಖ್ಯೆ ವೈಡೇಟಾದಲ್ಲಿ. ಅದು ರೇಟಲ್ಲ, ಮೌಸ್ ನಿಂತ ಎತ್ತರ ಅಷ್ಟೇ! ರೇಟಿನ ಗೆರೆಗಿಂತ ಚೂರು ಮೇಲೆ ಒತ್ತಿದರೆ, ಅವತ್ತು ಗಂಜ್‌ನಲ್ಲಿ ಯಾರೂ ಮಾರದ ರೇಟನ್ನು ಧೈರ್ಯವಾಗಿ ತೋರಿಸುತ್ತೆ. ವ್ಯಾಪಾರದವರ ಮುಂದೆ ಇಂಥದ್ದು ನಡೆಯಲ್ಲ.

ಇದಕ್ಕೆ ಪಿಕ್ ಇವೆಂಟ್ ಅಂತ ಬೇರೇನೇ ಇದೆ. ಗೆರೆಗೆ ಪಿಕರ್ ಹಾಕಿದರೆ, ಅಂದರೆ ಅದರ ಮೇಲೆ ಒತ್ತಿದ್ದನ್ನು ಹಿಡಿ ಅಂತ ಹೇಳಿದರೆ, ಒತ್ತಿದ್ದು ಎಷ್ಟನೇ ಚುಕ್ಕೆ ಅಂತ ಅದೇ ಹೇಳುತ್ತೆ. ಆದರೆ ಕಾಕಾ ಗುರಿ ಇಟ್ಟು ಒತ್ತುವವರೇ ಅಲ್ಲ. ರೇಟು ಬಿದ್ದ ಕಡೆ, ಗೆರೆಯ ಕೆಳಗಿನ ಖಾಲಿ ಜಾಗದಲ್ಲಿ ಒತ್ತಿ "ಇಲ್ಲಿ, ಇಲ್ಲಿ" ಅನ್ನುತ್ತಾರೆ. ಪಿಕ್ ರೇಡಿಯಸ್, ಅಂದರೆ ಎಷ್ಟು ದೂರ ಒತ್ತಿದರೂ ಹಿಡಿಯಬೇಕು ಅನ್ನೋದನ್ನು, ಜಾಸ್ತಿ ಮಾಡಿದರೆ ಒಂದೇ ಕ್ಲಿಕ್ಕಿಗೆ ನಾಲ್ಕೈದು ದಿನ ಬಂದು ಕೂರುತ್ತವೆ.

ಹಾಗಾಗಿ ಪಿಕ್ ಬಿಟ್ಟೆ. ಎತ್ತರವನ್ನು ಪೂರ್ತಿ ಮರೆತು, ಎಕ್ಸ್‌ಡೇಟಾಕ್ಕೆ ಹತ್ತಿರದ ದಿನ ಯಾವುದು ಅಂತ ಹುಡುಕಿ, ರೇಟನ್ನು ವಹಿಯ ಲೆಕ್ಕದಿಂದಲೇ ತೆಗೆದೆ. ಗಂಜ್ ಬಂದ್ ಇದ್ದ ದಿನ ಒತ್ತಿದರೆ ಪಕ್ಕದ ದಿನ ಬರುತ್ತಲ್ವಾ, ಅದಕ್ಕೇ ತಾರೀಖೂ ಕಾಣಬೇಕು. ಚೌಕಟ್ಟಿನ ಹೊರಗೆ ಒತ್ತಿದರೆ ಎಕ್ಸ್‌ಡೇಟಾ ಖಾಲಿ, ಅಲ್ಲಿಂದಲೇ ವಾಪಸ್. ಝೂಮ್ ಮಾಡಲು ಎಳೆದಾಗಲೂ ಈ ಇವೆಂಟ್ ಓಡಿ ಬರುತ್ತೆ, ಇದೊಂದು ಕಿರಿಕಿರಿ. ಟೂಲ್‌ಬಾರ್‌ನ ಮೋಡ್ ಖಾಲಿ ಇದ್ದರೆ (ಅಂದರೆ ಝೂಮ್‌ನಂಥದ್ದು ಆನ್ ಇಲ್ಲದಿದ್ದರೆ) ಮಾತ್ರ ಮುಂದೆ ಹೋಗು ಅಂತ ಸೇರಿಸಿದೆ.

ಆಮೇಲೆ ಕಾಕಾ ಆವಕವೂ ಬೇಕು ಅಂದರು. ಇವೆಂಟ್‌ನಲ್ಲಿ ಮೌಸ್ ಬಟನ್‌ನ ನಂಬರೂ ಇರುತ್ತೆ: ಎಡಕ್ಕೆ 1, ಬಲಕ್ಕೆ 3. ಈಗ ಎಡಕ್ಕೆ ಒತ್ತಿದರೆ ರೇಟು, ಬಲಕ್ಕೆ ಒತ್ತಿದರೆ ಅವತ್ತು ಬಂದ ಮಾಲು. ಅವರು ಒತ್ತೋದು ಜಾಸ್ತಿ ಬಲಗಡೆನೇ.