ಏರ್ ಬೆಡ್ ತಂದರೆ ಸಾಕೇನ್ರಿ ಸಿಸ್ಟರ್?

ಕಲಬುರಗಿಯ ವಾರ್ಡಿನಲ್ಲಿ ಲಕ್ವಾ ಹೊಡೆದವರ, ಸೊಂಟ ಮುರಿದವರ ಮನೆಯವರು ನನಗೆ ಮೊದಲು ಕೇಳುವುದೇ ಇದು. ಮಲಗಿದಲ್ಲೇ ಮಲಗಿ ಮೈಮೇಲೆ ಆಗುವ ಹುಣ್ಣು, ಅಂದರೆ ಬೆಡ್ ಸೋರ್ ತಡೆಯಲು ಅದೊಂದೇ ಸಾಕಾಗಲ್ಲ. ಪಂಪಿನಿಂದ ಗಾಳಿ ತುಂಬುವ ಈ ಹಾಸಿಗೆ ಒಳ್ಳೆಯದೇ, ಆದರೆ ಅದರ ಮೇಲೆ ಮಲಗಿದವರಿಗೂ ಮಗ್ಗಲು ಬದಲಿಸಲೇಬೇಕು. ಅದೂ ಅಲ್ಲದೆ ಕರೆಂಟ್ ಹೋದರೆ ಅದರ ಪಂಪ್ ನಿಲ್ಲುತ್ತದೆ, ನಮ್ಮ ಕಡೆ ಕರೆಂಟಿನ ಕಥೆ ಹೇಳಬೇಕಾ!

ಬೆಡ್ ಸೋರ್ ಆಗುವುದು ಮೂಳೆಗೂ ಹಾಸಿಗೆಗೂ ನಡುವೆ ಚರ್ಮ, ಮಾಂಸ ಸಿಕ್ಕಿಕೊಂಡು ಅಲ್ಲಿಗೆ ರಕ್ತ ಹೋಗದೇ ಇದ್ದಾಗ. ಅದಕ್ಕೇ ಎರಡು ತಾಸಿಗೊಮ್ಮೆ ಹೊರಳಿಸಿ ಅನ್ನುವುದು. ಹಗಲು ಎಲ್ಲರೂ ಮಾಡುತ್ತಾರೆ. ರಾತ್ರಿ ಹನ್ನೆರಡಕ್ಕೆ ಹೋದರೆ, "ಈಗಷ್ಟೇ ಕಣ್ಣು ಮುಚ್ಚ್ಯಾರ್ರೀ, ಎಬ್ಬಸಬ್ಯಾಡ್ರಿ" ಅಂತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಆದರೆ ಹುಣ್ಣು ಶುರುವಾಗುವುದು ಅಲ್ಲೇ. ಮೊಬೈಲಿನಲ್ಲಿ ಅಲಾರಂ ಇಡಿ, ಮಗ, ಸೊಸೆ ಪಾಳಿ ಹಚ್ಚಿಕೊಳ್ಳಿ.

ಹೊರಳಿಸುವಾಗ ಪೂರ್ತಿ ಮಗ್ಗುಲಿಗೆ ಹಾಕಬೇಡಿ, ಭಾರವೆಲ್ಲ ತೊಡೆಯ ಪಕ್ಕದ ಮೂಳೆ ಮೇಲೆ ಬೀಳುತ್ತದೆ. ಸುಮಾರು 30 ಡಿಗ್ರಿ ಓರೆ ಸಾಕು, ಬೆನ್ನ ಹಿಂದೆ ಮಡಿಸಿದ ಕೌದಿ ಕೊಟ್ಟರೆ ನಿಲ್ಲುತ್ತದೆ. ಕೆಳಗೆ ಜಾರಿದವರನ್ನು ಕಂಕುಳಿಗೆ ಕೈ ಹಾಕಿ ದರದರ ಎಳೆಯುತ್ತಾರಲ್ಲ, ಅದು ಬೇಡವೇ ಬೇಡ, ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಮಾತ್ರ ಸರಿಯುತ್ತದೆ. ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಕೆಳಗೆ ಹಾಸಿಡಿ. ಆಚೆ ಒಬ್ಬರು, ಈಚೆ ಒಬ್ಬರು ಅಂಚು ಸುತ್ತಿ ಹಿಡಿದು ಎತ್ತಿ ಸರಿಸಿ.

ಚರ್ಮ ಕೆಂಪಾದರೆ ಹುಷಾರು ಅಂತ ಪುಸ್ತಕದಲ್ಲಿದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಎಲ್ಲಿ ಕಾಣಬೇಕು? ಕೈಯಿಂದ ಮುಟ್ಟಿ ನೋಡಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ತಣ್ಣಗಿದೆಯಾ, ಗಟ್ಟಿ ಅಥವಾ ತೀರಾ ಮೆತ್ತಗಿದೆಯಾ, ಕಪ್ಪು ನೀಲಿಗೆ ತಿರುಗಿದೆಯಾ? ಹಾಗಿದ್ದರೆ ತಕ್ಷಣ ಸಿಸ್ಟರ್‌ಗೆ ತೋರಿಸಿ. ಅಲ್ಲಿ ತಿಕ್ಕಬೇಡಿ, ಸ್ಪಿರಿಟ್ ಹಚ್ಚಬೇಡಿ. ಕೆಲವರು ಮೆಡಿಕಲ್ ಶಾಪಿನಿಂದ ಗಾಳಿ ತುಂಬಿದ ದುಂಡನೆ ರಿಂಗ್ ತಂದು ಕೆಳಗೆ ಇಡುತ್ತಾರೆ. ಅದರ ಅಂಚು ಸುತ್ತಲೂ ಒತ್ತಿ ರಕ್ತ ಇನ್ನೂ ಕಮ್ಮಿಯಾಗುತ್ತದೆ, ದುಡ್ಡು ದಂಡ.

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರೆಕ್ಸಿನ್ ಮೇಲೆ ಬರೀ ಮೈಯಲ್ಲಿ ಮಲಗಿದರೆ ಬೆವರಿಗೆ ಚರ್ಮ ನೆನೆದು ಬೇಗ ಕಿತ್ತು ಬರುತ್ತದೆ. ಮೇಲೊಂದು ಕಾಟನ್ ಬಟ್ಟೆ ಇರಲಿ, ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ.

ಹುಣ್ಣು ಆಗದಿರಲು ಊಟವೂ ಮುಖ್ಯ, ಅದರ ಬಗ್ಗೆಯೂ ಒಂದು ಮಾತು. ತೊಗರಿಯ ನಾಡಿನಲ್ಲಿದ್ದು ರೋಗಿಗೆ ಬರೀ ಚಹಾ ಬಿಸ್ಕೀಟು ಯಾಕೆ? ಡಾಕ್ಟರ್ ಬೇಡ ಅನ್ನದಿದ್ದರೆ ಬೇಳೆ, ಹಾಲು, ಮೊಟ್ಟೆ ಕೊಡಿ.

ಇನ್ನು ಹಿಮ್ಮಡಿ. ಅದನ್ನು ಯಾರೂ ನೋಡುವುದೇ ಇಲ್ಲ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡಿ. ಸಾಕ್ಸ್ ಹಾಕಿದ್ದರೆ ದಿನಾ ತೆಗೆದು ನೋಡಿ.